ಭರಮಣ್ಣನ ಬಲಗಾಲು

ನಮ್ಮ ಬ್ಯಾಂಡ್ ಮುರಿದದ್ದು ಭರಮಣ್ಣನ ಕಾಲಿನಿಂದ ಎನ್ನುವವರು ಇಂದಿಗೂ ಇದ್ದಾರೆ. ಶುದ್ಧ ಸುಳ್ಳು. ಮುರಿದದ್ದು ನನ್ನ ಬಾಯಿಯಿಂದ.

೧೯೭೮ರಲ್ಲಿ ಬೆಳಗಾವಿಯ ಟಿಳಕವಾಡಿಯ ಮೂರನೇ ರೈಲ್ವೆ ಗೇಟಿನ ಹತ್ತಿರ, ಗುರುಪುತ್ರಪ್ಪನ ಅಪ್ಪನ ಗೋದಾಮಿನಲ್ಲಿ 'ಥರ್ಡ್ ಗೇಟ್' ಹುಟ್ಟಿತು. ಗುರುಪುತ್ರಪ್ಪನದು ಗಿಟಾರು, ಹಾಡು ಉಳವಪ್ಪನಾದ ನನ್ನದು, ಡ್ರಮ್ಸ್ ದೇಸೂರಿನ ಭರಮಣ್ಣನದು. ಫೌಂಡ್ರಿಯಲ್ಲಿ ದುಡಿಯುವವನಿಗೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಎಲ್ಲಿಂದ ಬರಬೇಕು? ಮನೆಯ ಡೊಳ್ಳನ್ನೇ ಅಡ್ಡ ಮಲಗಿಸಿ, ಹಳೆಯ ಹೊಲಿಗೆ ಮಷಿನ್ನಿನ ಪೆಡಲಿಗೆ ಕೋಲು ಕಟ್ಟಿದ. ಅದು ಬೀರಪ್ಪ ದೇವರ ಡೊಳ್ಳು; ಚಪ್ಪಲಿ ಮೆಟ್ಟಿ ಹತ್ತಿರವೂ ಹೋಗುವಂತಿಲ್ಲ. ಅದಕ್ಕೇ ಪ್ರತಿ ಸಲ ಬಲಗಾಲು ತೊಳೆದು ಕೂರುತ್ತಿದ್ದ. ಅಷ್ಟು ಸಾಕು ಎಂದುಕೊಂಡಿದ್ದ, ಹುಚ್ಚಪ್ಪ.

ಆದರೆ ಆ ಸದ್ದು! ಎದೆ ನಡುಗುತ್ತಿತ್ತು. ಒಂಬತ್ತು ಕಾರ್ಯಕ್ರಮಗಳಲ್ಲಿ ಬೆಳಗಾವಿಯ ಹುಡುಗರು ನಮ್ಮನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಹತ್ತನೆಯದು ಖಾನಾಪುರದ ಗಣಪತಿ ಪೆಂಡಾಲಿನಲ್ಲಿ. ಮಗನ ಹೆಸರು ಕೇಳಿ ಹಿಗ್ಗಿನಿಂದ ಬಂದಿದ್ದ ಭರಮಣ್ಣನ ಅಪ್ಪ ಸತ್ಯಪ್ಪ, ಮೂರನೇ ಹಾಡಿನ ನಡುವೆ ವೇದಿಕೆ ಹತ್ತಿಬಿಟ್ಟ.

"ದೇವರ ಡೊಳ್ಳಿಗೆ ಒದೀತೀಯೇನೋ?"

"ಒದ್ಯಾಕತ್ತಿಲ್ಲಪ್ಪಾ, ನುಡಸಾಕತ್ತೀನಿ."

ಜನ ಎದ್ದು ನಿಂತರು. ನಾನು ಮೊದಲೇ ಪುಕ್ಕಲ. ಮೈಕಿನಲ್ಲಿ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ಭರಮಣ್ಣನ ಪರವಾಗಿ ಕ್ಷಮೆ ಕೇಳಿಬಿಟ್ಟೆ.

"ನನ್ನ ಮಾಫಿ ಕೇಳಾಕ ನೀ ಯಾವಾಂವಲೇ?" ಎಂದು ಭರಮಣ್ಣ ಪೆಡಲು ಕಿತ್ತುಕೊಂಡು ಇಳಿದುಹೋದ. ಡೊಳ್ಳನ್ನು ಸತ್ಯಪ್ಪ ಹೊತ್ತುಕೊಂಡು ಹೋದ. ಬಾಡಿಗೆಯ ಡ್ರಮ್ಮಿನವನನ್ನು ಕಟ್ಟಿಕೊಂಡು ನಾವಿಬ್ಬರು ಇನ್ನೊಂದು ಕಾರ್ಯಕ್ರಮ ಕೊಟ್ಟೆವು. ಜನ ಶೇಂಗಾ ತಿನ್ನುತ್ತ ಕುಳಿತರು. ಬ್ಯಾಂಡಿನ ಕತೆ ಅಲ್ಲಿಗೆ ಮುಗಿಯಿತು.

ಇತ್ತ ದೇಸೂರಿನ ಹಿರಿಯರು, ಭರಮಣ್ಣ ತಪ್ಪಾಯಿತು ಎಂದು ಡೊಳ್ಳಿಗೆ ಅರಿಶಿನದ ಭಂಡಾರ ಹಚ್ಚುವ ತನಕ ಅದನ್ನು ಮುಟ್ಟಕೂಡದು ಎಂದರು. ನಡೆಯಲು ಕಲಿತಾಗಿನಿಂದ ಡೊಳ್ಳು ಬಾರಿಸಿದವನು ಎಂಟು ತಿಂಗಳು ಬರಿಗೈಯಲ್ಲಿ ಕುಳಿತ.

"ಒಂದ ಮಾತಲ್ಲೇನೋ, ಅಂದಬಿಡು," ಎಂದೆ. ನನ್ನನ್ನು ಅವನು ನೋಡಿದ ನೋಟ ಇನ್ನೂ ಚುಚ್ಚುತ್ತದೆ.

ಕೊನೆಗೊಂದು ಅಮಾವಾಸ್ಯೆಯ ಪೂಜೆಗೆ ಬೀರಪ್ಪನ ಗುಡಿಗೆ ಬಂದ; ನಾನೂ ಅಲ್ಲಿದ್ದೆ. ಕಾಲು ತೊಳೆದ. ಬೊಗಸೆ ತುಂಬ ಅರಿಶಿನದ ಭಂಡಾರ ತೆಗೆದುಕೊಂಡು ಡೊಳ್ಳಿಗೆ ಹಚ್ಚಿದ. ಉಳಿದದ್ದನ್ನು, ಬಗ್ಗಿ, ತನ್ನ ಬಲಗಾಲಿಗೆ ಹಚ್ಚಿದ.

"ಕೈನೂ ಬೀರಪ್ಪಂದ, ಕಾಲೂ ಬೀರಪ್ಪಂದ. ಎರಡೂ ಅವನ ಡೊಳ್ಳ ನುಡಸ್ಯಾವ. ತಪ್ಪಾತು ಅನ್ನೂದಿಲ್ರೀ."

ಯಾರ ಅಪ್ಪಣೆಗೂ ಕಾಯದೆ ಡೊಳ್ಳು ಕೊರಳಿಗೆ ಹಾಕಿಕೊಂಡು, ಖಾನಾಪುರದಲ್ಲಿ ಅರ್ಧಕ್ಕೆ ನಿಂತಿದ್ದ ಹಾಡಿನ ಗತ್ತನ್ನೇ ಬಾರಿಸತೊಡಗಿದ. ಹಿರಿಯರು ಸತ್ಯಪ್ಪನ ಮುಖ ನೋಡಿದರು. ಸತ್ಯಪ್ಪ ತಾಳ ಎತ್ತಿಕೊಂಡ.

ಅದು ನಾನು ಹಾಡುತ್ತಿದ್ದ ಹಾಡು. ಬಾಯಿ ತೆರೆಯುವ ಧೈರ್ಯ ನನಗೆ ಅವತ್ತೂ ಬರಲಿಲ್ಲ.