ಬರಿಗಾಲಿನ ಚಳಿಗಾಲ

ನನ್ನ ಹೊಟ್ಟೆಯ ಗಡ್ಡೆ ಕ್ಯಾನ್ಸರ್ ಅಲ್ಲವೆಂದು ಗೊತ್ತಾದ ದಿನ ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೇ ಚಪ್ಪಲಿ ಬಿಟ್ಟರು. ಶಿವರಾತ್ರಿಗೆ ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದರಂತೆ. ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಮನುಷ್ಯ! ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಮೈ ಉರಿದುಹೋಯಿತು.

ಚಳಿಗಾಲವೆಲ್ಲ ಅದರದೇ ತಯಾರಿ. ಪಾದಯಾತ್ರೆಯ ಗುಂಪಿನ ಜೊತೆ ಶ್ರೀಗಂಧದ ಕಾವಲಿನಿಂದ ಮಲ್ಲತ್ತಹಳ್ಳಿ ಕೆರೆಯವರೆಗೆ ಬೆಳಗಿನ ಮಂಜಿನಲ್ಲಿ ನಡಿಗೆ. ಮೊದಲು ಮಣ್ಣು, ಆಮೇಲೆ ಡಾಂಬರು, ಕೊನೆಗೆ ಜಲ್ಲಿ. ಜಲ್ಲಿಯ ಮೇಲೆ ನಡೆದೂ ಉರಿಯದಿದ್ದರೆ ಕಾಲು ಹದವಾಯಿತೆಂದು ಅವರ ಲೆಕ್ಕ.

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು, ಬಾಯಿ ಸುಮ್ಮನಿರುತ್ತದೆಯೇ? "ರೀ, ಅಮೆರಿಕದಲ್ಲಿ ಹಳೇ ಕಾಲದ ಅನ್ವೇಷಕರು ಬೆಟ್ಟ ದಾಟೋ ಮುಂಚೆ ಚಳಿಗಾಲ ಪೂರ್ತಿ ಒಂದೇ ಕಡೆ ಬಿಡಾರ ಹೂಡ್ತಿದ್ರು. ಜೋಳ ಕೂಡಿಟ್ಕೊಂಡು, ಚರ್ಮದ ಜೋಡು ಹೊಲ್ಕೊಂಡು ಕೂರ್ತಿದ್ರು. ಅವ್ರೂ ಬರಿಗಾಲಲ್ಲಿ ಹೊರಡ್ಲಿಲ್ಲ."

"ಅವ್ರಿಗೆ ಹರಕೆ ಇರ್ಲಿಲ್ಲ ಕಣೇ," ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಹಿಗ್ಗುತ್ತಾ ಬಂದರು. "ಇವತ್ತು ಜಲ್ಲಿ ಮೇಲೆ ಒಂಚೂರೂ ಉರೀಲಿಲ್ಲ. ಎಲ್ರಿಗಿಂತ ಮೊದ್ಲು ನನ್ ಕಾಲೇ ಹದವಾಗಿದ್ದು!" ನಾನೂ ನಂಬಿದೆ. ಆ ದಿನ ಅವಲಕ್ಕಿ ಪಾಯಸ ಮಾಡಿದೆ, ಅವರಿಗೆ ಸಕ್ಕರೆ ಹಾಕದೆ.

ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದು ನೋಡಿದರೆ ಗೇಟಿನಿಂದ ದೇವರ ಕೋಣೆಯವರೆಗೆ ರಕ್ತದ ಹೆಜ್ಜೆಗಳು. ಅವರು ಮಂಗಳಾರತಿ ತಟ್ಟೆ ಹಿಡಿದು ಆ ರಕ್ತದ ಮೇಲೇ ನಿಂತಿದ್ದರು. "ಯಾರಿಗೇ ಏಟಾಗಿದ್ದು?" ಎಂದು ನನ್ನನ್ನೇ ಕೇಳಿದರು.

ಬಲ ಅಂಗಾಲಿನಲ್ಲಿ ಗಾಜಿನ ಚೂರು ಹೊಕ್ಕು ಎಷ್ಟು ದಿನವಾಗಿತ್ತೋ, ಒಳಗೆಲ್ಲ ಕೀವು. ಕಾಲು ಹದವಾಗಿರಲಿಲ್ಲ, ಸಕ್ಕರೆಯಿಂದ ನರ ಸತ್ತಿದೆ ಎಂದರು ಡಾಕ್ಟರು. ಮೊಣಕಾಲಿನ ಕೆಳಗೆ ಕಾಲನ್ನೇ ಕತ್ತರಿಸಿ ತೆಗೆದರು. ನನಗಾಗಿ ಹೊತ್ತ ಹರಕೆ. ನನ್ನ ಗಡ್ಡೆಯೇ ಕೆಟ್ಟದ್ದಾಗಿದ್ದರೆ ಚೆನ್ನಾಗಿತ್ತು ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅತ್ತೆ.

ಶಿವರಾತ್ರಿಗೆ ಮುಂಚೆ ಗುಂಪು ಹೊರಟಾಗ ನಮ್ಮ ಗೇಟಿನ ಮುಂದೆ ನಿಂತರು. ಇವರು ಕುರ್ಚಿಯಲ್ಲಿ ಕೂತೇ ಮುಡಿಪಿನ ಗಂಟು ಕೊಟ್ಟರು. "ಬರೋ ವರ್ಷ ಕೃತಕ ಕಾಲು ಹಾಕ್ಕೊಂಡು ನಾನೂ ಬರ್ತೀನಿ. ಈ ಎಡಗಾಲು ಹದವಾಗೇ ಇದೆ!"

ನಾನು ಅದೇ ಕಾಲಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದೆ. ತಡೆಯಲಾಗದೆ ಅಂಗಾಲನ್ನು ಉಗುರು ಊರಿ ಚಿವುಟಿದೆ. ಅವರು ಮಾಗಡಿ ರಸ್ತೆಯ ಕಡೆ ತಿರುಗುತ್ತಿದ್ದ ಗುಂಪಿಗೆ ನಗುತ್ತಾ ಕೈ ಬೀಸುತ್ತಲೇ ಇದ್ದರು.