ಸಿಂಧೂರದೊಳಗಿನ ಹಲ್ಲುಚಕ್ರ

1989ರ ನವೆಂಬರ್ 11, ಶನಿವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಔರಂಗಾಬಾದಿನ ಹೊರಗೆ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ನನ್ನ ಸೋದರಮಾವ ಬಾಡಿಗೆಗೆ ಹಿಡಿದ ಶೆಡ್ಡಿನ ಮುಂದೆ ಲಾರಿ ನಿಂತಿತು. ಲಾರಿಯ ಮೇಲೆ ಹಗ್ಗ ಬಿಗಿದುಕೊಂಡು ಕಬ್ಬಿಣ ಕಡೆಯುವ ಒಂದು ಹಳೆಯ ಲೇಥ್ ಯಂತ್ರ ಕೂತಿತ್ತು. ಹಿಂದಿನ ದಿನ ನಾಸಿಕ್‌ನಲ್ಲಿ ಅದನ್ನು ಹತ್ತಿಸುವಾಗಲೂ ಮಾವ ಅತ್ತೆಯ ಜೊತೆ ನಾನಿದ್ದೆ, ಇಳಿಸುವಾಗಲೂ ಇದ್ದೆ. ಆದ್ದರಿಂದ ಮುಂದಿನದೆಲ್ಲ ನನ್ನ ದಿನಚರಿಯಲ್ಲಿ ಬರೆದಿಟ್ಟದ್ದು.

ಮಾವ ಬೀದರ್ ಕಡೆಯವರು. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಲೇಥ್ ನಡೆಸುವ ಟರ್ನರ್ ಆಗಿದ್ದು, ಆ ದೀಪಾವಳಿಗೆ ಕೆಲಸ ಬಿಟ್ಟು ಸ್ವಂತಕ್ಕೆ ನಿಂತಿದ್ದರು. ಗುತ್ತಿಗೆದಾರನೊಬ್ಬ ಮೊಳದುದ್ದದ ತಿರುಪಿನ ಸರಳುಗಳನ್ನು ಕೇಳಿದ್ದ. 18ನೇ ತಾರೀಖಿನ ಶನಿವಾರದೊಳಗೆ ಆರು ಮಾದರಿ ಒಯ್ದು ಕೊಡಬೇಕು. ಅಳತೆ ನೋಡುವ ಅವನ ಗೇಜಿಗೆ ಸರಿಯಾಗಿ ಕೂತರೆ ವರ್ಷವಿಡೀ ಕೆಲಸ. ಕೂರದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ, ಮಾವನಿಗೆ ಹಳೆಯ ನೌಕರಿಯೂ ಇಲ್ಲ. ಅತ್ತೆ ಆ ವಾರ ಅಡಿಗೆ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ.

ನನಗೆ ಆಗ ಹತ್ತೊಂಬತ್ತು. ಅಪ್ಪನಿಗೆ ಕಲಬುರಗಿಯಿಂದ ಔರಂಗಾಬಾದಿನ ಬ್ಯಾಂಕಿಗೆ ವರ್ಗವಾಗಿ ಬಂದವರು ನಾವು. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ. ತರಗತಿಯಲ್ಲಿ ಹುಡುಗಿಯರು ನನ್ನನ್ನೂ ಸೇರಿ ಇಬ್ಬರೇ. ರಜೆ ಸಿಕ್ಕಾಗ ಮಾವನ ಶೆಡ್ಡಿಗೆ ಓಡುತ್ತಿದ್ದೆ.

ಇಳಿಸಿದ ಮೇಲೆ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಎದುರಿನ ಹಿತ್ತಾಳೆ ಫಲಕದ ಗ್ರೀಸು ಹೋದಾಗ ಎರಡು ಇಂಗ್ಲಿಷ್ ಪದಗಳು ಕಂಡವು: ವಾರ್ ಫಿನಿಶ್.

“ಮಾಮಾ, ಇದೇನು?”

“ಎರಡ್ನೇ ಲಡಾಯಿ ಕಾಲದಾಗ ವಿಲಾಯಿತಿಯೊಳಗ ಮಾಡಿದ್ದವ್ವ. ಉಜ್ಜಿ ನುಣ್ಣಗ ಮಾಡ್ಕೋತ ಕೂಡ್ಲಾಕ ಆಗ ಯಾರಿಗಿ ಟೈಮ್ ಇತ್ತು? ಒರಟದ ಅಂತ ಬೈಬ್ಯಾಡ್ರಿ ಅಂತ ಮೊದ್ಲೇ ಬರ್ದು ಹಚ್ಚಿ ಕಳಿಸ್ಯಾರ.”

ನಾನು ಅಂಗೈಯನ್ನು ಎರಕದ ಮೇಲೆ ಆಡಿಸಿದೆ. ಹೊರಮೈ ಬೆಲ್ಲದ ಉಂಡೆಯಂತೆ ತರಿತರಿ. ಉಪಕರಣ ಜಾರುವ ಹಾದಿ ಮಾತ್ರ ಕನ್ನಡಿ. ಅವಸರ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯದು ಎಂದು ಯಾರೋ ಆ ಗಡಿಬಿಡಿಯಲ್ಲೂ ತಿಳಿದಿದ್ದರು. ಅಲ್ಲಿಯವರೆಗೆ ಯುದ್ಧ ಎಂದರೆ ನನಗೆ ದೌಲತಾಬಾದ್ ಕೋಟೆಯ ಮೇಲಿನ ತೋಪು. ಶಾಲೆಯ ಪ್ರವಾಸದಲ್ಲಿ ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡಿದ್ದೆವು. ಬೆಳಗಿನ ಪಾಳಿಗೆ ಹೊರಟ ಸೈಕಲ್ಲುಗಳು, ಶೆಡ್ಡಿನ ಸಾಲುಗಳು, ಪಾಳಿಗೆ ಕೂಗುವ ಕಾರ್ಖಾನೆಯ ಭೋಂಗಾ, ಇವಕ್ಕೂ ಯುದ್ಧಕ್ಕೂ ನಂಟಿದೆ ಎಂದು ಎಣಿಸಿರಲಿಲ್ಲ. ಈಗ ಅದರ ಎದುರಿಗೇ ಚಿಂದಿ ಹಿಡಿದು ನಿಂತಿದ್ದೆ.

ಭಾನುವಾರ ಯಂತ್ರದ ಜೊತೆ ಬಂದ ಹಲ್ಲುಚಕ್ರಗಳ ಪೆಟ್ಟಿಗೆ ಬಿಚ್ಚಿದೆವು. ನಾನು ಹಲ್ಲು ಎಣಿಸಿ ಸೀಮೆಸುಣ್ಣದಲ್ಲಿ ಬರೆಯುತ್ತ ಹೋದೆ. ಎಲ್ಲ ಮುಗಿದ ಮೇಲೆ ಮಾವ ಕೇಳಿದರು, “ನೂರಾ ಇಪ್ಪತ್ತೇಳರದು?”

ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಲೇಥಿನ ಒಳ ಅಳತೆಯೆಲ್ಲ ಇಂಚಿನದು. ನಮಗೆ ಬೇಕಾದ ತಿರುಪು ಮಿಲಿಮೀಟರಿನದು. ಐದು ಇಂಚು ಎಂದರೆ ಸರಿಯಾಗಿ ನೂರಿಪ್ಪತ್ತೇಳು ಮಿಲಿಮೀಟರ್. ಹಾಗಾಗಿ ನೂರಿಪ್ಪತ್ತೇಳು ಹಲ್ಲಿನ ಚಕ್ರವೊಂದನ್ನು ನಡುವೆ ಕೂಡಿಸಿದರೆ ಇಂಚಿನ ಯಂತ್ರ ಮಿಲಿಮೀಟರಿನ ಮಾತು ಆಡತೊಡಗುತ್ತದೆ. ಅದು ದುಭಾಷಿ ಚಕ್ರ. ಬೇರೆ ಚಕ್ರಗಳಿಂದ ಹತ್ತಿರದ ಲೆಕ್ಕ ಕೂಡಿಸಿ ನೋಡಿದೆವು. ಗಿಡ್ಡ ಬೋಲ್ಟಿಗಾದರೆ ಸಾಕಿತ್ತು. ಮೊಳದುದ್ದದ ಸರಳಿನ ತುದಿ ಮುಟ್ಟುವಷ್ಟರಲ್ಲಿ ತಪ್ಪು ಕೂಡಿ ಕೂಡಿ ಗೇಜಿಗೆ ಕೂರಲಿಲ್ಲ. ಹೊಸ ಚಕ್ರ ಕೊರೆದು ಕೊಡಲು ಊರಿನ ಗಿಯರಿನವನು ಮೂರು ವಾರ ಕೇಳಿದ.

ಮಂಗಳವಾರ ಸಂಜೆ ಮಾವ ಊಟ ಬೇಡವೆಂದು ಗೋಡೆಗೆ ಒರಗಿ ಕೂತಿದ್ದರು. ಅತ್ತೆ ತಟ್ಟೆ ಹಿಡಿದು ಬಂದು, “ಎಷ್ಟ್ ದೊಡ್ಡದಿರ್ತದ ರೀ ಆ ಚಕ್ರ?” ಎಂದರು. ಮಾವ ಎರಡೂ ಕೈಯಲ್ಲಿ ತೋರಿಸಿದರು.

“ನಾಸಿಕ್‌ದಾಗ ಗ್ವಾಡಿಗಿ ಇದ್ದ ದೇವರೂ ಅಷ್ಟೇ ಇತ್ತಲ್ಲ?”

“ಅದು ದೇವ್ರು. ಅದರ ಮಾತ್ಯಾಕ ಈಗ?”

“ಕುಂಕುಮ ಹಚ್ಚಾಗ ಗ್ವಾಡಿ ಕಡಿ ಅಂಚಿನ್ಯಾಗ ನನ್ನ ಬೆರಳಿಗಿ ಹಲ್ಲು ಹತ್ತಿದ್ವು ರೀ.”

ಮಾವ ಎದ್ದು ನಿಂತರು. ನಮಗೆಲ್ಲ ಹಿಂದಿನ ಶುಕ್ರವಾರದ ದೃಶ್ಯ ನೆನಪಾಯಿತು. ನಾಸಿಕ್‌ನಲ್ಲಿ ನಮಗೆ ಲೇಥ್ ಮಾರಿದ ಮುದುಕ ಯಜಮಾನರು ಲಾರಿ ಹೊರಡುವ ಮೊದಲು ಗೋಡೆಯ ಕೆಂಪು ಬಿಲ್ಲೆ ತೋರಿಸಿ, “ಇದೂ ಮಶೀನಿನದೇ, ಒಯ್ಯಿರಿ” ಎಂದಿದ್ದರು. ನಮ್ಮ ಮಾವ ಕೊರಳಿನ ಲಿಂಗ ಮುಟ್ಟಿಕೊಂಡು, “ಮಂದೀ ದೇವರನ್ನ ಕಿತ್ಕೊಂಡು ಹೋಗೋ ಮಂದಿ ಅಲ್ಲ ನಾವು” ಎಂದು ಹಿಂದಿ ಮರಾಠಿ ಕಲಸಿ ಹೇಳಿ, ಕೈಮುಗಿದು ಬಂದುಬಿಟ್ಟಿದ್ದರು. ಅತ್ತೆ ಕುಂಕುಮ ಹಚ್ಚಿ, ಎರಡು ಊದಿನಕಡ್ಡಿಯನ್ನೂ ಬೆಳಗಿದ್ದರು!

ಬುಧವಾರ ಬೆಳಿಗ್ಗೆ ಮೊದಲ ಸರಕಾರಿ ಎಸ್ಟಿ ಬಸ್ಸು ಹಿಡಿದು ಮೂವರೂ ನಾಸಿಕ್‌ಗೆ ಹೊರಟೆವು. ಲಾಸಲಗಾಂವ್ ಕಡೆಯ ಈರುಳ್ಳಿ ಲಾರಿಗಳ ಹಿಂದೆ ಬಸ್ಸು ತೆವಳಿತು. ಮುಂದಿನ ಸೀಟಿನವನ ಮರಾಠಿ ಪತ್ರಿಕೆಯಲ್ಲಿ ಬರ್ಲಿನ್ ಗೋಡೆ ಹತ್ತಿ ನಿಂತ ಜನರ ಚಿತ್ರವಿತ್ತು. ನಮ್ಮ ಲೇಥನ್ನು ಹುಟ್ಟಿಸಿದ ಯುದ್ಧವೇ ಬಿಟ್ಟುಹೋದ ಗೋಡೆ ಅದು. ಮಾವನಿಗೆ ತೋರಿಸಿದೆ. ಅವರ ಕಣ್ಣು ಗಡಿಯಾರದ ಮೇಲಿತ್ತು.

ಮುದುಕರು ಬಾಗಿಲಲ್ಲೇ ನಕ್ಕರು. ಅವರು ಆಡಿದ್ದು ಮರಾಠಿ, ಬರೆಯುತ್ತಿರುವುದು ನನ್ನ ಕನ್ನಡ. “ಏನ್ ಸಾಹೇಬ, ದೇವರನ್ನು ಬಿಟ್ಟು ಹೋದಿರಿ, ಈಗ ಯಾತ್ರೆಗೆ ಬಂದಿರಾ?”

ಅವರು ಹೇಳಿದ ಕತೆ ಇಷ್ಟು. ಪಕ್ಕದ ದೇವಳಾಲಿಯ ದಂಡಿನಲ್ಲಿ ಆ ಲೇಥ್ ತೋಪುಗಳ ರಿಪೇರಿಗೆ ಇತ್ತು. ಯುದ್ಧ ಮುಗಿದ ಮೇಲೆ ಇವರು ಹರಾಜಿನಲ್ಲಿ ಅದನ್ನು ಹಿಡಿದು ಪಂಪಿನ ಪೈಪುಗಳಿಗೆ ತಿರುಪು ಕೊರೆಯತೊಡಗಿದರು. ಪೈಪಿನ ಲೆಕ್ಕ ಇವತ್ತಿಗೂ ಇಂಚೇ. ದೊಡ್ಡ ಚಕ್ರಕ್ಕೆ ಕೆಲಸವೇ ಬೀಳಲಿಲ್ಲ. ಮೊದಲ ಖಂಡೇ ನವಮಿ ಬಂದಾಗ, ಆಯುಧ ಪೂಜೆಗೆ ಇಡಲು ಒಂದು ಮೂರ್ತಿ ಇಲ್ಲವೆಂದು ಅದನ್ನೇ ಗೋಡೆಗೆ ಹೊಡೆದು ಸಿಂಧೂರ ಬಳಿದರು.

“ಆ ದಂಡಿನಲ್ಲಿ ಒಬ್ಬ ಗೋರಾ ಸಾರ್ಜೆಂಟ್ ಇದ್ದ, ಪೋರಿ,” ಎಂದು ನನ್ನತ್ತ ತಿರುಗಿದರು. “ವಿಲಾಯಿತಿಯ ಅವನ ಊರಲ್ಲಿ ಗಂಡಸರೆಲ್ಲ ಲಡಾಯಿಗೆ ಹೋದ ಮೇಲೆ ಇಂಥ ಮಶೀನು ನಡೆಸಿದವರು ಹೆಂಗಸರಂತೆ. ತಲೆಗೆ ರುಮಾಲು ಕಟ್ಟಿಕೊಂಡು. ನಾನು ನಂಬಲಿಲ್ಲ. ಈಗ ನಿನ್ನ ಉಗುರಿನ ಗ್ರೀಸು ನೋಡಿ ನಂಬುತ್ತಿದ್ದೇನೆ.”

ಅಷ್ಟರಲ್ಲಿ ಅವರ ಹೆಂಡತಿ ಬಂದರು. ದಿನವೂ ಅದಕ್ಕೆ ಹೂ ಏರಿಸಿದವರು ಈ ಆಜಿಯೇ, ನಮ್ಮ ಮಾತಿನಲ್ಲಿ ಅಜ್ಜಿ. “ಮಶೀನು ಮಾರಿದಿರಿ, ಸುಮ್ಮನಿದ್ದೆ. ಇವನನ್ನು ಕೊಡುವುದಿಲ್ಲ,” ಎಂದರು.

ಮುದುಕರು, “ಅಲ್ಲ ಕಣೇ, ಅದು ಕಬ್ಬಿಣ” ಎಂದರು.

“ನಲವತ್ತು ವರ್ಷದ ಹಿಂದೆ ಕೈಮುಗಿ ಎಂದವರು ಯಾರು? ಆಗ ಕಬ್ಬಿಣ ಎಂದು ಹೇಳಬೇಕಿತ್ತು.”

ಮಾವ ಚಪ್ಪಲಿ ಹುಡುಕತೊಡಗಿದರು. ಆಜಿ ಅವರನ್ನೇ ನೋಡುತ್ತ ಕೇಳಿದರು, “ತಿರುಗಿದರೆ ಇದು ಸವೆಯುತ್ತದಾ?”

“ಸವೀತದ ಆಜಿ. ಸುಳ್ಳು ಹೇಳಂಗಿಲ್ಲ.” ಗಾಬರಿಯಲ್ಲಿ ಮಾವ ಕನ್ನಡದಲ್ಲೇ ಹೇಳಿದರು. ನಾನು ಮರಾಠಿಗೆ ತಿರುಗಿಸಿದೆ.

ಆಜಿ ಚಕ್ರವನ್ನು ಗೋಡೆಯಿಂದ ಇಳಿಸಿಕೊಂಡು ಒಳಗೆ ಒಯ್ದರು, ನಾವೂ ಹಿಂದೆ ಹೋದೆವು. ಎಣ್ಣೆ ಬಿಸಿ ಮಾಡಿ, ಅಂಚಿನ ಸುತ್ತಲೂ ಚಮಚದಲ್ಲಿ ಬಿಟ್ಟು, ಸೆರಗಿನಿಂದ ಒತ್ತಿ ಒತ್ತಿ ಸಿಂಧೂರವನ್ನು ಸಡಿಲಿಸಿದರು. ಕೆಲವು ಗುಡಿಗಳಲ್ಲಿ ದೇವರ ಮೇಲಿನ ಸಿಂಧೂರ ದಪ್ಪವಾಗಿ ಒಂದು ದಿನ ಕವಚದಂತೆ ಕಳಚಿ ಬೀಳುತ್ತದೆಂದು ಕೇಳಿದ್ದೆ. ನನ್ನ ಕಣ್ಣೆದುರು ಅದು ಆಯಿತು. ಬೆರಳ ದಪ್ಪದ ಕೆಂಪು ಪದರ, ಒಂದೇ ಒಂದು ಬಿರುಕು ಬಿಟ್ಟು, ಇಡಿಯಾಗಿ ಆಜಿಯ ಕೈಗೆ ಬಂತು. ಅದರ ಒಳಗೋಡೆಯಲ್ಲಿ ಒಂದೊಂದು ಹಲ್ಲಿನ ಅಚ್ಚೂ ಇತ್ತು. ಕೆಳಗೆ ತಟ್ಟೆಯಲ್ಲಿ ಉಳಿದದ್ದು ಎಣ್ಣೆಯಲ್ಲಿ ಹೊಳೆಯುವ, ಒಂದು ದಿನವೂ ಸವೆಯದ ಬೂದು ಉಕ್ಕು.

ಅತ್ತೆ ತಾವಾಗಿ ಕೈಮುಗಿದರು. ಮೊದಲು ಕವಚಕ್ಕೆ, ಆಮೇಲೆ ತಟ್ಟೆಯ ಉಕ್ಕಿಗೆ.

ಆಜಿ ಕವಚವನ್ನು ಗೋಡೆಯ ಅದೇ ಮೊಳೆಗೆ ಮೆಲ್ಲಗೆ ಕೂರಿಸಿ, ಹೂ ಇಟ್ಟು, “ದೇವರು ಇಲ್ಲೇ ಇದ್ದಾನೆ. ನಿಮ್ಮ ಕಬ್ಬಿಣ ನೀವು ತೆಗೆದುಕೊಳ್ಳಿ,” ಎಂದರು. ಮಾವ ಅವರ ಕಾಲಿಗೆ ಬಿದ್ದರು.

17ನೇ ತಾರೀಖು, ಶುಕ್ರವಾರ, ಚಕ್ರ ಅದರ ಜಾಗದಲ್ಲಿ ಕೂತಿತು. ಮೊದಲ ಸರಳನ್ನು ಮಾವ ಕೊರೆದರು, ಮೂರನೆಯದನ್ನು ನನಗೆ ಬಿಟ್ಟರು. ಸುರುಳಿ ಸುರುಳಿಯಾಗಿ ಲೋಹ ಏಳುತ್ತಿತ್ತು. ತೋಪಿಗೆಂದು ಬಂದದ್ದು, ಪೈಪಿಗೆ ದುಡಿದದ್ದು, ಈಗ ವಾಳೂಜಿನಲ್ಲಿ ನನ್ನ ಕೈಯ ಹಿಡಿತಕ್ಕೆ ಮಣಿಯುತ್ತಿತ್ತು. ಗೇಜು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಣ್ಣೆಯಂತೆ ಜಾರಿತು. ಶನಿವಾರ ಗುತ್ತಿಗೆದಾರ ಆರನ್ನೂ ನೋಡಿ, “ಠೀಕ್ ಹೈ, ಚಾಲೂ ಕರೋ,” ಎಂದ. ಅಂದು ಅತ್ತೆ ಮನೆಯಲ್ಲಿ ಎಷ್ಟು ಮಾತಾಡಿದರೆಂದರೆ ಮಾವನೇ, “ಸಾಕವ್ವ, ಭೋಂಗಾ ಬಂದ್ ಮಾಡು,” ಎಂದರು.

ಇದನ್ನು ಬರೆಯಲು ಕಾರಣ ಬೇರೆ. ಚಕ್ರ ಕೂರಿಸುವಾಗ ಅದರ ಮುಚ್ಚಳದ ಒಳಮೈಯನ್ನು ಸೀಮೆಎಣ್ಣೆಯಿಂದ ತೊಳೆದೆ. ಗಟ್ಟಿ ಗ್ರೀಸಿನ ಕೆಳಗೆ ದಂಡಿನ ಹಸಿರು ಬಣ್ಣ, ಬಣ್ಣದ ಕೆಳಗೆ ಮೊಳೆಯಲ್ಲಿ ಗೀರಿದ ಗೆರೆಗಳು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ನಾನು ಮನೆಯಲ್ಲಿ ಹಾಲಿನ ಲೆಕ್ಕ ಇಡುವುದೂ ಹಾಗೆಯೇ. ಇಪ್ಪತ್ತಾರು ಕಂತೆ, ಕೊನೆಯಲ್ಲಿ ಮೂರೇ ಗೆರೆ. ಬಣ್ಣ ಗೆರೆಗಳ ಮೇಲೆ ಹರಿದಿದೆ, ಹಾಗಾಗಿ ಅವು ಬಣ್ಣಕ್ಕಿಂತ ಹಿಂದಿನವು. ಮುದುಕರೂ ಅವನ್ನು ಕಂಡಿಲ್ಲ.

ಒಂದು ಗೆರೆ ಒಂದು ತೋಪಿನ ಗುಂಡೋ, ಬದುಕಿ ಮುಗಿಸಿದ ಒಂದು ಪಾಳಿಯೋ, ಯುದ್ಧಕ್ಕೆ ಹೋದವನು ಬಾರದೆ ಕಳೆದ ಒಂದು ದಿನವೋ? ಗೀರಿದವಳು ಅಥವಾ ಗೀರಿದವನು ಮೂರಕ್ಕೇ ಏಕೆ ನಿಲ್ಲಿಸಿದರು? ನನಗೆ ತಿಳಿಯದು. ಆ ಕಾಲದ ಯಂತ್ರಗಳು ನಮ್ಮ ಜನರ ಶೆಡ್ಡುಗಳಲ್ಲಿ ಇನ್ನೂ ಓಡುತ್ತಿವೆ. ನಿಮ್ಮಲ್ಲಿ ಯಾರಿಗಾದರೂ ಅಂಥದೊಂದಿದ್ದರೆ ಮುಚ್ಚಳದ ಒಳಗೆ ಒಮ್ಮೆ ತೊಳೆದು ನೋಡಿ. ಇಂಥ ಗೆರೆ ಕಂಡಿದ್ದರೆ, ಅಥವಾ ದಂಡಿನ ವರ್ಕ್‌ಶಾಪಿನಲ್ಲಿ ದುಡಿದ ಹಿರಿಯರಿಂದ ಇದರ ಅರ್ಥ ಕೇಳಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆದು ತಿಳಿಸಿ.