ಅಳಿಸಿದ ಒಂದು ಸಾಲು

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್. ಕೊಯಮತ್ತೂರು ಸೀಮೆಯ ನಮ್ಮ ನೇಕಾರ ಮನೆಗಳಲ್ಲಿ ಯಾವ ಭಾಷೆ ಎಲ್ಲಿಗೆ ಎಂದು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ತಾನಾಗಿ ಬರುತ್ತದೆ. ಕಂಪ್ಯೂಟರಿನ ಭಾಷೆಗಳ ವಿಷಯದಲ್ಲಿ ಮಾತ್ರ ಇಷ್ಟು ವಿವೇಕ ನನಗೆ ಬರಲಿಲ್ಲ. ಅಲ್ಲಿ ನನಗೆ ವಿಪರೀತ ಮಡಿ.

ಪೈಥಾನ್ ಬೆಳಿಗ್ಗೆ ಹೇಳಿದ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸಿಕೊಡುತ್ತದೆ. ಅವಸರಕ್ಕೆ ಅದೇ ಸರಿ. ಜಾವಾದಲ್ಲಿ ಒಂದು ಲೋಟ ನೀರು ಕೇಳಬೇಕಾದರೂ ಮೂರು ಅರ್ಜಿ ಬರೆಯಬೇಕು, ಹಾಗಾಗಿ ದೊಡ್ಡ ಆಫೀಸುಗಳಿಗೆ ಅದು ಪ್ರಿಯ. ಜಾವಾಸ್ಕ್ರಿಪ್ಟ್ ಏನು ಹೇಳಿದರೂ ತಲೆಯಾಡಿಸಿ, ಆಮೇಲೆ ತನಗೆ ತೋಚಿದ್ದನ್ನು ಮಾಡುತ್ತದೆ. ನನ್ನ ಪ್ರೀತಿಯೆಲ್ಲ ರಸ್ಟ್ ಮೇಲೆ. ಕಾಲು ತೊಳೆಯದೆ ಹೊಸ್ತಿಲು ದಾಟಲು ಬಿಡದ ನಮ್ಮ ಅಜ್ಜಿಯಂತೆ, ಅದು ಕೊಳೆ ಕಂಡರೆ ಪ್ರೋಗ್ರಾಮನ್ನು ಓಡಲೇ ಬಿಡುವುದಿಲ್ಲ. ಅದು ಒಪ್ಪಿತೆಂದರೆ ತಪ್ಪೇ ಇರದು ಎಂದು ಕಂಡಕಂಡವರಿಗೆ ಹೇಳುತ್ತಿದ್ದೆ. ಹಳೆಯ ಕಾಲದ ಬೇಸಿಕ್ ಎಂದರೆ ಮೂಗು ಮುರಿಯುತ್ತಿದ್ದೆ.

ಆದರೆ ಸಿರುಮುಗೈ ಊರಿನಲ್ಲಿ ನನ್ನ ಸೋದರಮಾವನ ಮಗ್ಗಗಳು ನಡೆಯುತ್ತಿದ್ದುದೇ ನಾನು ಕಾಲೇಜಿನಲ್ಲಿದ್ದಾಗ ಬೇಸಿಕ್‌ನಲ್ಲಿ ಬರೆದುಕೊಟ್ಟ ಪ್ರೋಗ್ರಾಮಿನಿಂದ. ಸೆರಗಿನ ಚಿತ್ರ ಕೊಟ್ಟರೆ, ಯಾವ ರಟ್ಟಿನಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದು ಪಟ್ಟಿ ಕೊಡುತ್ತಿತ್ತು. ತೂತು ಇದ್ದಲ್ಲಿ ಮಗ್ಗ ಎಳೆ ಎತ್ತುತ್ತದೆ, ನೇಯುತ್ತ ಹೋದಂತೆ ಚಿತ್ರ ಮೂಡುತ್ತದೆ. ಇಷ್ಟು ವರ್ಷ ಮಾವ ಒಂದು ದೂರನ್ನೂ ಹೇಳಿರಲಿಲ್ಲ.

ಕಳೆದ ವರ್ಷ ಅವರ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಮುಹೂರ್ತದ ಸೀರೆಯನ್ನು ಬೇರೆಯವರ ಕೈಗೆ ಕೊಡದೆ ತಾವೇ ನೇಯಲು ಕುಳಿತರು. ಮಂಡಿ ನೋವು, ಇದೇ ಕಡೆಯ ಸೀರೆ ಎಂದು ಮೊದಲೇ ಹೇಳಿದ್ದರು. ಸೆರಗಿನಲ್ಲಿ ಹಸೆಮಣೆಯ ಮೇಲೆ ವಧೂವರರು, ಪಕ್ಕದಲ್ಲಿ ಬಲಗೈ ಎತ್ತಿ ಅಕ್ಷತೆ ಹಾಕುವ ಒಬ್ಬ ಹಿರಿಯರು. ಇಂಥ ಸೀರೆಗೆ ಬೇಸಿಕ್ಕೇ? ರಸ್ಟ್‌ನಲ್ಲಿ ಹೊಸದಾಗಿ ಬರೆಯುತ್ತೇನೆಂದೆ.

"ಹಳೇದು ಚೆನ್ನಾಗೇ ಓಡ್ತದಲ್ಲ ಅಮ್ಮಿಣಿ?" ಎಂದರು ಮಾವ.

"ಓಡ್ತದೆ ಮಾವ. ಬರ್ದಿರೋದು ನೋಡಿದ್ರೆ ಮಾನ ಹೋಗ್ತದೆ."

"ಅದ ಯಾರು ನೋಡ್ತಾರೆ?"

ಆದರೂ ಬರೆದೆ. ಹಳೆಯದರಲ್ಲಿ ಒಂದು ಸಾಲಿತ್ತು: ಇಡೀ ಚಿತ್ರವನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ತಿರುಗಿಸುವ ಸಾಲು. ಏಕೆಂದು ಎಲ್ಲೂ ಬರೆದಿಟ್ಟಿರಲಿಲ್ಲ. ಆಗಿನ ಹುಡುಗುಬುದ್ಧಿ ಎಂದು ನಕ್ಕು, ಹೊಸದರಲ್ಲಿ ಅದನ್ನು ಕೈಬಿಟ್ಟೆ. ರಸ್ಟ್ ಚಕಾರವೆತ್ತಲಿಲ್ಲ.

ಮೂರು ವಾರ ಬಿಟ್ಟು, ನಾನಿರುವ ಕೊಯಮತ್ತೂರಿನ ಆರ್.ಎಸ್. ಪುರಂನಿಂದ ನೋಡಲು ಹೋದೆ. ಮದುವೆಗೆ ಉಳಿದದ್ದು ಇಪ್ಪತ್ತು ದಿನ. ಮಗ್ಗದ ಮೇಲೆ ಹಿರಿಯರ ಬಲಗೈ ಥೇಟ್ ನನ್ನ ಪರದೆಯಲ್ಲಿದ್ದಂತೆಯೇ ಮೂಡಿತ್ತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಫೀಸಿನವರಿಗೆ ತೋರಿಸೋಣವೆಂದು ಫೋನನ್ನು ಬಟ್ಟೆಯ ಕೆಳಗೆ ಹಿಡಿದು ಚಿತ್ರ ತೆಗೆದೆ. ಅದರಲ್ಲಿ ಹಿರಿಯರು ಎಡಗೈಯಲ್ಲಿ ಅಕ್ಷತೆ ಹಾಕುತ್ತಿದ್ದರು. ಫೋನೇ ತಿರುಗಿಸಿರಬೇಕೆಂದು ಬಗ್ಗಿ ಕಣ್ಣಾರೆ ನೋಡಿದೆ. ಅದೇ ಎಡಗೈ.

ಮಾವನ ಮನೆಯಲ್ಲಿ ಸೀರೆಯನ್ನು ಮುಖ ಕೆಳಗೆ ಮಾಡಿಯೇ ನೇಯುತ್ತಾರೆ, ಜರಿಗೆ ಕೈಯ ಬೆವರು ತಾಗಬಾರದೆಂದು. ನೇಕಾರನಿಗೆ ಕಾಣುವುದು ಬಟ್ಟೆಯ ಬೆನ್ನು, ಎಡ ಬಲ ಅದಲುಬದಲಾಗಿ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ಮರೆತುಹೋಗಿತ್ತು. ಚಿತ್ರ ತಿರುಗಿಸುವ ಆ ಸಾಲು ಬರೆದ ಹತ್ತೊಂಬತ್ತರ ಹುಡುಗಿಗೆ ಗೊತ್ತಿತ್ತು.

ಹೇಳಿದಾಗ ಮಾವ ಲಾಳಿಯನ್ನು ಕೆಳಗಿಟ್ಟರು. "ಮೇಲೆ ಬಲಗೈ ಕಂಡಾಗ್ಲೇ ಮನಸಿಗೆ ಚುರುಕ್ ಅಂತು."

"ಮತ್ತೆ ಯಾಕೆ ಕೇಳಲಿಲ್ಲ ಮಾವ?"

"ನೀ ಓದ್ದೋಳು. ಪುದುಸು, ಹೊಸಾದ್ರಲ್ಲಿ ಏನೋ ಇರ್ತದೆ ಅಂತ ಸುಮ್ನಾದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೀವಮಾನವಿಡೀ ನೇಯ್ದವರು ತಮ್ಮ ಕಣ್ಣನ್ನು ಬಿಟ್ಟು ನನ್ನ ಪಟ್ಟಿಯನ್ನು ನಂಬಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಎರಡು ದಿನ ಮಾವನ ಪಕ್ಕ ಕುಳಿತು ನೇಯ್ದದ್ದನ್ನು ಒಂದೊಂದೇ ಎಳೆಯಾಗಿ ಬಿಚ್ಚಿದೆ. ಆ ಕೆಲಸಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ. ಆಮೇಲೆ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಬೇಸಿಕ್ಕನ್ನೇ ಓಡಿಸಿ ಪಟ್ಟಿ ತೆಗೆದೆ. ಆ ಸಾಲಿನ ಪಕ್ಕದಲ್ಲಿ ಕಾರಣ ಬರೆದಿಟ್ಟೆ, ತಮಿಳಿನಲ್ಲಿ. ಮಾವನಿಗೆ ಕನ್ನಡ ಓದಲು ಬಾರದು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಮಾವ ನೇಯ್ದರು. ಮದುವೆಗೆ ಎರಡು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು.

ಮುಹೂರ್ತದಲ್ಲಿ ನಾನು ಮದುಮಗಳ ಹಿಂದೆ ನಿಂತು ಸೆರಗು ಸರಿಪಡಿಸುತ್ತಿದ್ದೆ. ಮಾವ ಅಕ್ಷತೆ ಹಿಡಿದು ಮುಂದೆ ಬಂದವರು ನನ್ನನ್ನು ಕಂಡು ನಿಂತರು. ಬಲಗೈಯನ್ನು ತುಸು ಎತ್ತಿ ನನಗೆ ತೋರಿಸಿ, ನಾನು ತಲೆಯಾಡಿಸುವ ತನಕ ಕಾದು, ಆಮೇಲೆ ಮಗಳ ತಲೆಯ ಮೇಲೆ ಅಕ್ಷತೆ ಹಾಕಿದರು.